ಎಣ್ಣೆಯಲ್ಲಿ ಉಬ್ಬದ ನೀಲಿ ಆನೆಯ ಕುರಿತು

ಗೋಲೂಮೋಲೂ ಆಟದ ಹಿಟ್ಟಿನ ಕಂಪನಿಯ ಪರಮಾಧಿಕಾರಿಗಳಿಗೆ,
ಬೋಡಕ್‌ದೇವ್, ಅಹಮದಾಬಾದ್.

ಮಾನ್ಯರೇ,

ಸೂರತ್ತಿನ ವರಾಛಾದಲ್ಲಿ ನಮ್ಮ ತಂದೆಯವರು ತೆರೆದ ಉಡುಪಿ ಹೋಟೆಲನ್ನು ಇಂದಿಗೂ ನಡೆಸಿಕೊಂಡು ಬರುತ್ತಿರುವ ನಾನು, ತಮಗೂ ತಮ್ಮ ಕಾರ್ಖಾನೆಗೂ ಅಲ್ಲಿಂದ ಹೊರಬೀಳುವ ಬಣ್ಣಬಣ್ಣದ ಮುದ್ದೆಗಳಿಗೂ ಸಾಷ್ಟಾಂಗ ನಮಸ್ಕರಿಸಿ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ. ತಾವು ಏಸಿ ಕೋಣೆಯಲ್ಲಿ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಮ್ಮ ಮನೆಯಲ್ಲಿ ಒಂದು ಆನೆ ತೀರಿಕೊಂಡಿದೆ.

ಹೋಟೆಲಿನವರ ಮಕ್ಕಳು ಹೇಗೆ ಬೆಳೆಯುತ್ತಾರೆಂಬುದು ತಮಗೆ ತಿಳಿದಿರಲಾರದು. ಶಾಲೆ ಬಿಟ್ಟೊಡನೆ ನಾನು ಅಡುಗೆಮನೆಗೆ ಓಡಿ, ಬೋರಲು ಹಾಕಿದ ಕೊಳಗದ ಮೇಲೆ ಕೂರುತ್ತಿದ್ದೆ. ನನ್ನ ತಾಯಿ ಇಂದುಮತಿಯವರು ಪೂರಿಯ ಹಿಟ್ಟಿನಿಂದ ಒಂದು ಉಂಡೆ ಕಿತ್ತು ನನ್ನ ಕೈಗಿಟ್ಟು, ನಾನಿದ್ದೇನೆಂಬುದನ್ನೇ ಮರೆಯುತ್ತಿದ್ದರು. ಅದರಲ್ಲಿ ಹಾವು, ಕೋಳಿ, ಲಾರಿ ಏನು ಬೇಕಾದರೂ ಮಾಡಬಹುದಿತ್ತು, ಷರತ್ತು ಒಂದೇ: ಹಿಟ್ಟೆಂದರೆ ಅನ್ನ, ಹಾಳು ಮಾಡುವಂತಿಲ್ಲ, ಮಾಡಿದವರೇ ತಿನ್ನತಕ್ಕದ್ದು. ಅಮ್ಮ ಅದನ್ನು ಕಾದ ಎಣ್ಣೆಗೆ ಬಿಡುತ್ತಿದ್ದರು. ಹಾವು ಹೆಬ್ಬಾವಾಗಿ, ವಿಮಾನ ಕುಂಬಳಕಾಯಿಯಾಗಿ ಮೇಲೆದ್ದು ಬರುತ್ತಿತ್ತು. ಬಾಯಿ ಸುಟ್ಟುಕೊಂಡು ಲಾರಿಯ ಚಕ್ರ ಕಡಿಯುವ ಆ ಸುಖದ ಮುಂದೆ ಯಾವ ಆಟದ ಸಾಮಾನೂ ನನಗೆ ಸಮನೆನಿಸಲಿಲ್ಲ.

ಈಗ ನನ್ನ ಮಗಳು ಅಪೂರ್ವಾ ಒಂದನೇ ತರಗತಿ. ಶಾಲೆಯವರು ಗೋಲೂಮೋಲೂ ಆಟದ ಹಿಟ್ಟಿನ ಡಬ್ಬಿಯೇ ಆಗಬೇಕೆಂದರು, ತಂದುಕೊಟ್ಟೆವು. ಅವಳು ಮಧ್ಯಾಹ್ನವಿಡೀ ಕೂತು, ಕಿವಿ ಒಂದು ದೊಡ್ಡದು ಒಂದು ಸಣ್ಣದಾದ ನೀಲಿ ಆನೆಯೊಂದನ್ನು ಮಾಡಿ, ಒಣಗಲೆಂದು ಹೋಟೆಲಿನ ಒಲೆಯ ಪಕ್ಕದ ಕಟ್ಟೆಯ ಮೇಲಿಟ್ಟು ಹೋದಳು. ನನ್ನ ತಾಯಿಯವರು ಅದನ್ನು ಕಂಡು ಹಿಗ್ಗಿ, "ಅಯ್ಯೋ, ಮಗು ಮಾಡಿದ್ದು ಇನ್ನೂ ಹಸಿ ಉಂಟಲ್ಲ, ಕರ್ದು ಕೊಡ್ತೇನೆ" ಎಂದವರೇ, ಪೂರಿಗಳ ನಡುವೆ ಆನೆಯನ್ನೂ ಬಾಣಲೆಗೆ ಇಳಿಸಿದರು.

ತಮ್ಮ ಸರಕಿನ ಗುಣಮಟ್ಟವನ್ನು ಎಷ್ಟು ಹೊಗಳಿದರೂ ಸಾಲದು. ಅದು ಉಬ್ಬಲಿಲ್ಲ, ಕೆಂಪಗಾಗಲಿಲ್ಲ, ಒಂದಿಷ್ಟೂ ಎಣ್ಣೆ ಕುಡಿಯಲಿಲ್ಲ. ಕಲ್ಲಿನಂತೆ ಗಟ್ಟಿಯಾಗಿ ತಳ ಸೇರಿತು. ಸೊಂಡಿಲು ಮಾತ್ರ ಕಳಚಿ ಒಂದು ಪೂರಿಗೆ ಅಂಟಿಕೊಂಡು, ವಜ್ರ ಉಜ್ಜುವ ಕೆಲಸದ ನಮ್ಮ ಖಾಯಂ ಗಿರಾಕಿಯೊಬ್ಬರ ತಟ್ಟೆ ಸೇರಿತು. ಅವರು ಕಸುಬಿಗೆ ತಕ್ಕಂತೆ ಅದನ್ನು ಎರಡು ಬೆರಳಲ್ಲಿ ಹಿಡಿದು, ಕಿಟಕಿಯ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿ, "ಅಸಲೀ ಕೆ ಲ್ಯಾಬ್‌ಗ್ರೋನ್?" ಎಂದು ವಿಚಾರಿಸಿದರು. ನೈಜವೋ ಪ್ರಯೋಗಾಲಯದ್ದೋ ಎಂಬ ಆ ಪ್ರಶ್ನೆಗೆ ದಯವಿಟ್ಟು ತಾವೇ ಉತ್ತರ ತಿಳಿಸಬೇಕು.

ನಗುವ ಮಾತು ಇಲ್ಲಿಗೆ ಮುಗಿಯಿತು. ಅಪೂರ್ವಾ "ಅಜ್ಜೀಯೇ ಮಾರೋ ಹಾಥೀ ಮಾರೀ ನಾಖ್ಯೋ", ಅಂದರೆ ಅಜ್ಜಿ ನನ್ನ ಆನೆಯನ್ನು ಕೊಂದೇಬಿಟ್ಟಳು ಎಂದು ಇಡೀ ಬೀದಿಗೆ ಗುಜರಾತಿಯಲ್ಲಿ ಸಾರಿ, ಅಂದಿನಿಂದ ಅಜ್ಜಿಯೊಡನೆ ಮಾತು ಬಿಟ್ಟಿದ್ದಾಳೆ. ಅವಳು ಕನ್ನಡ ಆಡುತ್ತಿದ್ದುದು ಅಜ್ಜಿಯೊಡನೆ ಮಾತ್ರ. ಹೀಗಾಗಿ ನಮ್ಮ ಮನೆಯಲ್ಲಿ ಕನ್ನಡವೂ ಮುಷ್ಕರ ಹೂಡಿದೆ. "ಕೂಸು ಮಾಡಿದ್ದನ್ನು ಕರ್ದು ಕೊಟ್ಟದ್ದು ತಪ್ಪಾ?" ಎಂದು ನನ್ನ ತಾಯಿ ನನ್ನನ್ನೇ ಕೇಳುತ್ತಾರೆ. ಊರಿಗೆಲ್ಲ ಬಡಿಸುವ ಅವರು ತಾವು ಸರಿಯಾಗಿ ಉಣ್ಣುತ್ತಿಲ್ಲ. ನನಗೆ ನಿಜಕ್ಕೂ ಸಂಕಟವಾಗುತ್ತದೆ, ಮಾನ್ಯರೇ.

ತಮ್ಮ ಡಬ್ಬಿಯ ಮೇಲೆ ತಿನ್ನಬಾರದು, ನುಂಗಬಾರದು, ಕಣ್ಣಿಗೆ ತಾಗಿಸಬಾರದು ಎಂದು ಮಕ್ಕಳಿಗೆ ಎಚ್ಚರಿಕೆಗಳಿವೆ. ಅಜ್ಜಿಯರಿಗೆ ಮಾತ್ರ ಒಂದಕ್ಷರವೂ ಇಲ್ಲ. ಆದ್ದರಿಂದ "ಅಜ್ಜಿಯರೇ, ದಮ್ಮಯ್ಯ, ಕರಿಯಬೇಡಿ" ಎಂದು ದಪ್ಪ ಕನ್ನಡ ಅಕ್ಷರಗಳಲ್ಲಿ ಅಚ್ಚು ಹಾಕಿಸಬೇಕಾಗಿ ವಿನಂತಿ. ಅದಾಗದಿದ್ದರೆ ಎಣ್ಣೆಗೆ ಬಿದ್ದೊಡನೆ ಉಬ್ಬುವ, ಓಮದ ಪರಿಮಳವುಳ್ಳ, ಸಾಗುವಿಗೆ ಹೊಂದುವ ನೀಲಿ ಆನೆಯೊಂದನ್ನು ತಯಾರಿಸಿ ಕಳುಹಿಸಬೇಕು. ಅದೂ ಆಗದಿದ್ದರೆ ತಮ್ಮಲ್ಲೊಬ್ಬ ಹಿರಿಯ ಅಧಿಕಾರಿ ಬಂದು, ಮೃತ ಆನೆಗೆ ವಾರಸುದಾರರಾಗಿ ನಿಂತು, ತಾಪಿ ನದಿಯ ದಂಡೆಯಲ್ಲಿ ಉತ್ತರಕ್ರಿಯೆ ನಡೆಸಿಕೊಡಬೇಕು. ಪಿಂಡಕ್ಕೆ ತಮ್ಮದೇ ಹಿಟ್ಟನ್ನು ಬಳಸಿ ಕಾಗೆಗಳ ಅಭಿಪ್ರಾಯವನ್ನೂ ಪಡೆಯಬಹುದು.

ಆನೆ ಹೋದರೂ ಭರವಸೆ ಹೋಗದ,
ತಮ್ಮ ವಿಶ್ವಾಸಿ,
ಸುಧೀರ್ ಐತಾಳ

ತಾ.ಕ.: ಪತ್ರವನ್ನು ಲಕೋಟೆಗೆ ಹಾಕುವಷ್ಟರಲ್ಲಿ ಅಪೂರ್ವಾ ಅಡುಗೆಮನೆಗೆ ನುಗ್ಗಿ, ಪೂರಿ ಹಿಟ್ಟಿನ ಉಂಡೆಯೊಂದನ್ನು ತಾನೇ ಕಿತ್ತುಕೊಂಡು, ಗುಂಡನೆಯ ಮೈ, ಹಿಂದೆ ತುರುಬು, ಜೀರಿಗೆಯ ಮೂಗುತಿ ಇರುವ ಬೊಂಬೆಯೊಂದನ್ನು ಮಾಡಿದಳು. ಯಾರಿದು ಎಂದು ಕೇಳಿದ್ದಕ್ಕೆ ನನ್ನ ತಾಯಿಯನ್ನೇ ದಿಟ್ಟಿಸಿ, ಅಚ್ಚ ಕನ್ನಡದಲ್ಲಿ, "ನೀನು. ಈಗ ನಿನ್ನನ್ನು ಎಣ್ಣೆಗೆ ಹಾಕು" ಎಂದಳು. ನನ್ನ ತಾಯಿ ತಮ್ಮನ್ನು ತಾವೇ ಎರಡೂ ಕಡೆ ಹದವಾಗಿ ಕರಿದು, ಚೆನ್ನಾಗಿ ಉಬ್ಬಿದ್ದೇನೆಂದು ಹೆಮ್ಮೆಪಟ್ಟು ತಟ್ಟೆಗೆ ಬಡಿಸಿದರು. ಮಗಳು ತುರುಬಿನಿಂದ ಶುರುಮಾಡಿ ಚೂರೂ ಬಿಡದೆ ತಿಂದು, "ಇನ್ನೊಂದು ಅಜ್ಜಿ ಬೇಕು" ಎಂದು ಅಜ್ಜಿಯ ತೊಡೆಯೇರಿದಳು. ಆದ್ದರಿಂದ ತಾವು ಕಳುಹಿಸಬೇಕಾಗಿದ್ದ ಆನೆ ಈಗ ಬೇಡ. ಅಲ್ಲೇ ಇಟ್ಟುಕೊಂಡು, ಹಸಿವಾದಾಗ ತಾವೇ ಕರಿದು ನೋಡಬಹುದು.