ಖಾಲಿ ಕ್ಯಾಸೆಟ್ ಕೇಳುವ ಮಾವ

ಹಾಡಿನ ಕ್ಯಾಸೆಟ್ ಕೇಳುವವರನ್ನು ನೀವು ನೋಡಿರುತ್ತೀರಿ. ಖಾಲಿ ಕ್ಯಾಸೆಟ್ ಹಾಕಿ, ಕಾಲು ಮಡಿಸಿ ಕೂತು, ಮೊದಲಿನಿಂದ ಕೊನೆಯವರೆಗೆ ಕೇಳಿ, ಮಗುಚಿ ಹಾಕಿ ಆ ಕಡೆಯನ್ನೂ ಕೇಳುವವರನ್ನು ನೋಡಿದ್ದೀರಾ? ಇಲ್ಲ ತಾನೆ? ಹಾಗಾದರೆ ನೀವು ಚಾಂಪಿಯನ್ ರೀಫ್ಸಿನ ನಮ್ಮ ಸೋದರಮಾವನ ಮನೆಗೆ ಬಂದಿಲ್ಲ!

ಮಾವ ಅಲ್ಲಿನ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದವರು. ಗಣಿ ಮುಚ್ಚಿತು, ಗಣಿಯವರ ಸಾಲುಮನೆಯಲ್ಲಿ ಮಾವ ಉಳಿದರು. ಅತ್ತೆ ತೀರಿಕೊಂಡ ಮೇಲೆ ಒಬ್ಬರೇ. ಅತ್ತೆಯ ಫೋಟೊಗಳು ಬೇಕಾದಷ್ಟಿವೆ. ದನಿ ಇರುವುದು ಮಾತ್ರ ಒಂದೇ ಒಂದು ಹಳೆಯ ಕ್ಯಾಸೆಟ್ಟಿನಲ್ಲಿ. ಅದರ ಟೇಪು ಒಣಗಿ ಈಗ ಕಿರುಗುಟ್ಟುತ್ತದೆ. ಇನ್ನೊಂದು ಸಲ ಓಡೀತು, ಇಲ್ಲವೇ ಮಧ್ಯದಲ್ಲೇ ತುಂಡಾದೀತು. ಅಷ್ಟರೊಳಗೆ ಅದನ್ನು ಒಂದು ಒಳ್ಳೆಯ ಖಾಲಿ ಕ್ಯಾಸೆಟ್ಟಿಗೆ ಇಳಿಸಬೇಕು. ಕೆಲಸ ಇಷ್ಟೇ.

"ಫೋನಿಗೆ ಹಾಕ್ಕೊಡ್ತೀನಿ ಬಿಡಿ ಮಾಮ" ಎಂದೆ.

"ಫೋನಾಗೆ ಆಕಿದ್ರೆ ಅವ್ಳು ಎಲ್ಲವ್ಳೆ ಅಂತ ನಂಗೆಂಗ್ಲಾ ಗೊತ್ತಾಗ್ಬೇಕು? ಇದ್ರಾಗಾದ್ರೆ ಸುತ್ಕೊಂಡು ಕೂತಿರೋದು ಕಣ್ಣಿಗ್ ಕಾಣ್ತೈತೆ."

ಫೋನನ್ನು ಜೇಬಿಗೆ ಹಾಕಿಕೊಂಡೆ.

ಹಾಗಾಗಿ ಬಂಗಾರಪೇಟೆಯಲ್ಲಿರುವ ನನ್ನ ಪಾಲಿಗೆ ಕ್ಯಾಸೆಟ್ ಹುಡುಕುವ ಕೆಲಸ ಬಂತು. ಸ್ಟೇಷನ್ ಹತ್ತಿರದ ರೇಡಿಯೊ ರಿಪೇರಿ ಅಂಗಡಿಯ ಅಟ್ಟದಲ್ಲಿ ಹಳೆಯ ಸರಕು ಸಿಕ್ಕಿತು. ಮಾವನಿಗೆ ತಿಳಿಸಿದ್ದೇ ತಪ್ಪು. ಬಸ್ಸು ಹತ್ತಿ ಬಂದೇಬಿಟ್ಟರು. ತೊಂಬತ್ತು ನಿಮಿಷದ್ದನ್ನು ಮುಟ್ಟಲೇ ಇಲ್ಲ. ಅದರ ಟೇಪು ತೆಳ್ಳಗೆ, ಬೇಗ ಸಿಕ್ಕಿಕೊಳ್ಳುತ್ತದಂತೆ. ಅರವತ್ತು ನಿಮಿಷದವನ್ನು ಒಂದೊಂದಾಗಿ ಹೊದಿಕೆ ಬಿಚ್ಚಿ ಬೆಳಕಿಗೆ ಹಿಡಿದರು, ಕಿವಿಯ ಬಳಿ ಅಲ್ಲಾಡಿಸಿದರು, ಮೂಸಿದರು! ಸ್ಕ್ರೂ ಇಲ್ಲದೆ ಅಂಟು ಹಾಕಿ ಮುಚ್ಚಿದ್ದನ್ನು ಪಕ್ಕಕ್ಕಿಟ್ಟರು. "ಒಳಗೆ ಸಿಕ್ಕಾಕ್ಕೊಂಡ್ರೆ ಬಿಚ್ಚೋದೆಂಗೆ?"

ಅಂಗಡಿಯವನು ಹಣೆ ಚಚ್ಚಿಕೊಂಡ. "ಹೆಣ್ಣು ನೋಡಾಕ್ ಬಂದೋರೂ ಇಷ್ಟ್ ನೋಡಲ್ಲ ಸಾಮೀ!"

"ನೋಡಾಕ್ ಓಗಿದ್ದಾಗ ನಾನ್ ತಲೆ ಎತ್ಲಿಲ್ಲ ಕಣಯ್ಯ. ಪೂರ್ತಿ ನೋಡಿದ್ದು ಅವ್ಳೇ."

ಐದಾರು ಆರಿಸಿ ಕೊಂಡದ್ದಾಯಿತು, ಇನ್ನು ಮುಗಿಯಿತು ಅಂದುಕೊಂಡಿರಾ? ಮುಂದಿನ ಭಾನುವಾರ ಹೋದೆ. ಮಾವ ಟೇಪ್ ರೆಕಾರ್ಡರಿಗೆ ಕಿವಿಗೊಟ್ಟು ಕೂತಿದ್ದರು. ತುಟಿಗೆ ಬೆರಳಿಟ್ಟರು. ನಾನೂ ಕೂತೆ.

"ಕೇಳಿಸ್ತಾ?"

"ಏನು?"

"ಶ್... ಅಂತೈತೆ."

"ಖಾಲಿ ಟೇಪು ಶ್ ಅನ್ನದೆ ಹರಿಕಥೆ ಮಾಡ್ತದಾ ಮಾಮ?"

"ಅವ್ಳು ಮಾತಾಡೋವಾಗ ಇದ್ಯಾಕ್ಲಾ ಶ್ ಅನ್ಬೇಕು? ಇದು ಬ್ಯಾಡ."

ಬೇಡವಾದವು ಮಂಚದ ಗಿಡ್ಡ ಕಾಲಿನಡಿ ಸೇರಿದವು. ಪಕ್ಕದ ಮನೆಯ ತಮಿಳು ಅಜ್ಜಿ ಗೋಡೆಯಾಚೆಯಿಂದ ಕೂಗಿದರು: "ಎನ್ನಾಪ್ಪಾ, ಇವತ್ತೂ ಟೇಪಲ್ಲಿ ಪಾಟ್ಟು ಬರಲ್ವಾ?"

"ನಾಳೆ ಬತ್ತೈತಮ್ಮಾ!"

ಹೊರಡಲು ಎದ್ದೆ. ಬೇರೆಯವರ ಮನೆಯಲ್ಲಾದರೆ ಊಟ ಮಾಡಿಕೊಂಡು ಹೋಗು ಎನ್ನುತ್ತಾರೆ. ಮಾವ, "ಇನ್ನೊಂದೈತೆ, ಅದ್ನೂ ಕೇಳ್ಕೊಂಡ್ ಓಗ್ಲಾ" ಎಂದರು. ಕೇಳಿದೆ. ಇಬ್ಬರೂ ಏನೂ ಇಲ್ಲದ್ದನ್ನು ಸಂಜೆಯವರೆಗೆ ಕೇಳಿದೆವು.

ಕೊನೆಗೊಂದು ಕ್ಯಾಸೆಟ್ಟಿನಲ್ಲಿ ಯಾವ ದೋಷವೂ ಸಿಗಲಿಲ್ಲ. ಮಾವ ಎರಡೂ ಕಡೆ ಕೇಳಿದರು. ಮತ್ತೆ ಕೇಳಿದರು. ಆಮೇಲೆ, "ಇವತ್ತು ಗಾಳಿ ಜಾಸ್ತಿ. ನಾಳೆ ನೋಡಾನ" ಎಂದರು. ಹೊರಗೆ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

ಆಗ ನನಗೆ ಹೊಳೆಯಿತು. ಮಾವನ ಭಯ ಹೊಸ ಟೇಪಿನದಾಗಿರಲಿಲ್ಲ. ಇಳಿಸಬೇಕೆಂದರೆ ಹಳೆಯದನ್ನು ಓಡಿಸಬೇಕಲ್ಲ!

"ಬಟನ್ನು ನಾನು ಒತ್ತಲಾ ಮಾಮ?"

ಮಾವ ಹಳೆಯ ಕ್ಯಾಸೆಟ್ಟನ್ನು ಪಂಚೆಯ ಅಂಚಿನಿಂದ ಒರೆಸಿ ನನ್ನ ಕೈಗಿಟ್ಟರು. ಆಮೇಲೆ, "ಒತ್ತು" ಎಂದರು.

ಮಾವನದು ಹಳೆಯ ಪದ್ಧತಿ. ಎರಡು ಟೇಪ್ ರೆಕಾರ್ಡರುಗಳನ್ನು ಎದುರುಬದುರು ಕೂರಿಸಬೇಕು. ಒಂದು ನುಡಿಯುತ್ತದೆ, ಇನ್ನೊಂದು ಕೇಳಿಸಿಕೊಳ್ಳುತ್ತದೆ. ಕೋಣೆಯ ಸದ್ದೆಲ್ಲ ಅದರೊಳಗೆ ಹೋಗುತ್ತದೆ. ಮಾವ ಕಿಟಕಿ ಮುಚ್ಚಿದರು, ಫ್ಯಾನು ನಿಲ್ಲಿಸಿದರು, ಗೋಡೆ ಗಡಿಯಾರದ ಬ್ಯಾಟರಿಯನ್ನೂ ತೆಗೆದರು. "ಕೆಮ್ಮಿದ್ರೆ ನೋಡು, ಮನೆಯಾಗ್ ಸೇರ್ಸಲ್ಲ" ಎಂದು ನನಗೆ ತಾಕೀತು ಮಾಡಿದರು.

ಒತ್ತಿದೆ. ಟೇಪು ಕಿರುಗುಟ್ಟಿತು. ಬಾಗಿಲು ತೆರೆದ ಸದ್ದು. ಬಿಂದಿಗೆ ಇಳಿಸಿದ ಸದ್ದು. ಆಮೇಲೆ ಅತ್ತೆ.

"ಏನಂದ್ರೆ, ಮನೇಲಿದೀರಾ?"

ಟೇಪಿನಲ್ಲಿ ಉತ್ತರವಿರಲಿಲ್ಲ. ಆವತ್ತು ಹೊಸದಾಗಿ ಟೇಪ್ ರೆಕಾರ್ಡರ್ ತಂದಿದ್ದ ಮಾವ, ರೆಕಾರ್ಡು ಕೆಡಬಾರದೆಂದು ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದರಂತೆ. ಇದನ್ನು ಅವರೇ ಆಮೇಲೆ ಹೇಳಿದರು.

"ಎಲ್ಲೋದ್ರೋ ಏನೋ ಈವಯ್ಯ" ಎಂದು ಅತ್ತೆ ಗೊಣಗಿದರು. ಮತ್ತೆ ಕರೆದರು. "ಇದೀರಾ?"

"ಇದೀನಿ ಕಣೇ."

ನನ್ನ ಪಕ್ಕದಲ್ಲೇ, ಗಟ್ಟಿಯಾಗಿ! ಕೆಟ್ಟುಹೋಯಿತಲ್ಲ ಎಂದು ನಿಲ್ಲಿಸಲು ಕೈ ಚಾಚಿದೆ. ಮಾವ ನನ್ನ ಕೈ ಹಿಡಿದುಕೊಂಡರು. ಬಿಡಲಿಲ್ಲ.

ಹಳೆಯ ಟೇಪು ತುಂಡಾಗದೆ ಕೊನೆಯವರೆಗೆ ಓಡಿತು. ಅಷ್ಟು ಹೊತ್ತೂ ಅತ್ತೆ ಬಯ್ಯುತ್ತಿದ್ದರು. ಮಾವ ಒಂದೊಂದಕ್ಕೂ ಉತ್ತರ ಕೊಡುತ್ತಿದ್ದರು.