ಒಂದು ಗೋಲಿ, ಒಂದು ಬೇಡಿಕೆ

ನೆಟ್ಟಗೆ ನಿಲ್ಲು ಎಂದು ಯಾರಾದರೂ ಹೇಳಿದರೆ ಸಾಕು, ಅಲ್ಲಿಯವರೆಗೆ ನೆಟ್ಟಗಿದ್ದ ನಾನು ಸೊಟ್ಟಗಾಗುತ್ತೇನೆ. ಇಂಥವು ನನಗೆ ಬುದ್ಧಿ ಬಂದಾಗಿನಿಂದ ಆಗುತ್ತಲೇ ಇವೆ. ಆದರೆ ಕುಷ್ಟಗಿಯ ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ ಆದಷ್ಟು ಮತ್ತೆಲ್ಲೂ ಆಗಿಲ್ಲ.

ಆಗ ನಮ್ಮ ಕಡೆ ನಿಜಾಮರ ಆಡಳಿತ. ಹೈದರಾಬಾದಿನಿಂದ ಬಂದ ನಮ್ಮ ಸಾಹೇಬರು ತಮ್ಮ ಸಂಗಡ ಪೂಲ್ ಆಡುವ ಮೇಜನ್ನೂ ತಂದು, ಕಚೇರಿಯ ಹಿಂದಿನ ಕೋಣೆಯಲ್ಲಿ ಹಾಕಿಸಿ, ಅದಕ್ಕೆ ಕ್ಲಬ್ಬು ಎಂದು ಹೆಸರಿಟ್ಟರು. ಮಂಚಕ್ಕಿಂತ ಉದ್ದದ ಮೇಜು, ಮೇಲೆ ಹಸಿರು ಬಟ್ಟೆ, ಅಂಚಿಗೆ ಆರು ತೂತು. ಕೋಲಿನಿಂದ ಬಿಳಿ ಗೋಲಿಗೆ ತಿವಿಯಬೇಕು, ಅದು ಹೋಗಿ ಬಣ್ಣದ ಗೋಲಿಗೆ ತಾಗಬೇಕು, ಬಣ್ಣದ್ದು ತೂತಿಗೆ ಬೀಳಬೇಕು. ಹೇಳುವುದಕ್ಕೆ ಇಷ್ಟೇ.

ಸಾಹೇಬರು ಕಚೇರಿಯಲ್ಲಿ ಯಾರ ಅಹವಾಲನ್ನೂ ಕೇಳುತ್ತಿರಲಿಲ್ಲ. ಕ್ಲಬ್ಬಿನಲ್ಲಿ ಮಾತ್ರ ಒಂದು ಕಟ್ಟಳೆ ಮಾಡಿದ್ದರು: ಒಂದು ಗೋಲಿ ತೂತಿಗೆ ಹಾಕಿದವನು ಒಂದು ಬೇಡಿಕೆ ಹೇಳಬಹುದು. ಹೀಗೆ ಒಬ್ಬನಿಗೆ ರಜೆ ಸಿಕ್ಕಿತು, ಇನ್ನೊಬ್ಬನಿಗೆ ಹೊಸ ಕುರ್ಚಿ ಸಿಕ್ಕಿತು. ನನಗೆ ಬೇಕಾಗಿದ್ದು ಗಂಗಾವತಿಗೆ ವರ್ಗ. ಅಲ್ಲಿದ್ದ ಅತ್ತೆಗೆ ಪಾರ್ಶ್ವವಾಯು ಬಡಿದಿತ್ತು. ಅವರನ್ನು ನೋಡಿಕೊಳ್ಳಲು ನನ್ನ ಹೆಂಡತಿ ಅಲ್ಲಿಯೇ ಉಳಿದಿದ್ದಳು. ಮಗಳು ಹುಟ್ಟಿದ್ದೂ ಅಲ್ಲಿಯೇ. ಹೋದಾಗಲೆಲ್ಲ ಆ ಕೂಸು ನನ್ನನ್ನು ಯಾರೋ ಬೇರೆಯವನೆಂದು ಚೀರಿ ಅಳುತ್ತಿತ್ತು. ಅದು ನನಗೆ ತಡೆಯಲಾರದ ಸಂಕಟ. ಒಂದೇ ಒಂದು ಗೋಲಿ ಬಿದ್ದಿದ್ದರೆ ಸಾಕಿತ್ತು.

ಟೋಪಿಯ ಗೋಲಿ

ಮೊದಲು ಸಾಹೇಬರೇ ಕಲಿಸಿದರು. ಎಡಗಾಲು ಮುಂದೆ, ಬಲಗಾಲು ಹಿಂದೆ, ಗದ್ದ ಕೋಲಿನ ಮೇಲೆ, ಮೊಣಕೈ ಮೇಲಕ್ಕೆ, ಉಸಿರು ಒಳಗೆ. ನಾನು ಮೊಣಕೈ ಸರಿಮಾಡುವಷ್ಟರಲ್ಲಿ ಕಾಲು ತಪ್ಪುತ್ತಿತ್ತು, ಕಾಲು ಸರಿಮಾಡಿದರೆ ಗದ್ದ ಎದ್ದಿರುತ್ತಿತ್ತು. ಉಸಿರನ್ನಂತೂ ಒಳಗೆ ಎಳೆದುಕೊಂಡು ಬಿಡುವುದನ್ನೇ ಮರೆತಿದ್ದೆ. ಒಂದು ಕೆಂಪು ಗೋಲಿ ತೂತಿನ ಬಾಯಲ್ಲೇ ಕುಳಿತಿತ್ತು. ಗದ್ದ ಇನ್ನೂ ಕೆಳಗೆ, ಇನ್ನೂ ಕೆಳಗೆ ಎಂದು ಸಾಹೇಬರು ಹೇಳುತ್ತಾ ಹೋದರು, ನಾನು ಬಾಗುತ್ತಾ ಹೋದೆ. ನನ್ನ ತಲೆಯ ಮೇಲಿನ ಡಬ್ಬಿಯಾಕಾರದ ರೂಮಿ ಟೋಪಿ ಜಾರಿ ಬಿದ್ದು, ಉರುಳಿಕೊಂಡು ಹೋಗಿ ಆ ಗೋಲಿಯನ್ನು ತೂತಿಗೆ ತಳ್ಳಿತು.

ನಾನು ಕೈಮುಗಿದು, ಸಾಹೇಬರೇ ಗಂಗಾವತಿ ಎಂದು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು.

"ಗೋಲಿ ಹಾಕಿದ್ದು ಟೋಪಿ, ನೀನಲ್ಲ. ಬೇಡಿಕೆ ಇದ್ದರ ಟೋಪಿ ಹೇಳಲಿ."

ಉಸ್ತಾದರ ಠೀವಿ

ಊರ ಗರಡಿಯ ಉಸ್ತಾದರಿಗೆ ಈ ಸುದ್ದಿ ಮುಟ್ಟಿತು. ತಪ್ಪು ಕೈಯಲ್ಲಿಲ್ಲ, ತೊಡೆಯಲ್ಲಿ ಐತಿ ಎಂದರು ಅವರು. ಕುಸ್ತಿಗೆ ನಿಂತ ಹಾಗೆ ನಿಂತರೆ ಗುರಿ ತಾನಾಗಿ ಬರುತ್ತದೆಂದು ಹೇಳಿ, ಬೆಳಗಿನಲ್ಲಿ ನನ್ನಿಂದ ಕೂತು ಏಳುವ ಬೈಠಕ್ ಹೊಡೆಸಿದರು. ಎಷ್ಟು ಹೊಡೆದೆನೋ ನನಗೆ ಲೆಕ್ಕ ತಪ್ಪಿತು, ಅವರಿಗೆ ತಪ್ಪಲಿಲ್ಲ.

ಸಂಜೆ ಕ್ಲಬ್ಬಿಗೆ ಹೋಗಿ ಮೇಜಿನ ಮೇಲೆ ಬಾಗಿದೆ. ನಿಲುವು ಭಾಳ ಛಲೋ ಐತಿ ಎಂದು ಎಲ್ಲರೂ ಹೊಗಳಿದರು. ತಿವಿದೆ, ಗೋಲಿ ಬೀಳಲಿಲ್ಲ. ಏಳಬೇಕೆಂದರೆ ಏಳಲಾಗಲಿಲ್ಲ. ಸೊಂಟ, ತೊಡೆ ಎರಡೂ ಹಿಡಿದುಬಿಟ್ಟಿದ್ದವು. ಇಬ್ಬರು ಎಳೆದರು, ನಾನು ಬ್ಯಾಡ್ರಪ್ಪಾ ಎಂದು ಕೂಗಿಕೊಂಡೆ. ಸಾಹೇಬರಿಗೆ ಆಟ ನಿಲ್ಲಿಸುವ ಮನಸ್ಸಿರಲಿಲ್ಲ. ಅವತ್ತಿನ ಆಟವನ್ನು ನನ್ನ ಸುತ್ತಲೇ ಆಡಿ ಮುಗಿಸಿದರು.

ಗೌಂಡಿಯ ತೂಕದ ಗುಂಡು

ಇಟಗಿಯ ಕಡೆಯ ಒಬ್ಬ ಗೌಂಡಿ ಕಚೇರಿಯ ಗೋಡೆ ರಿಪೇರಿಗೆ ಬಂದಿದ್ದ. ಸೊಟ್ಟಗಿರುವುದನ್ನು ಹುಡುಕುವುದೇ ಅವನ ಕಸುಬಲ್ಲವೇ ಎಂದುಕೊಂಡು ಅವನನ್ನು ಕ್ಲಬ್ಬಿಗೆ ಕರೆದೊಯ್ದೆ. ಅವನು ನನ್ನ ಹಿಂದೆ ನಿಂತು ದಾರಕ್ಕೆ ಕಟ್ಟಿದ ತೂಕದ ಗುಂಡನ್ನು ನನ್ನ ತಲೆಯಿಂದ ಇಳಿಬಿಟ್ಟ, ಮೊಣಕೈಗೆ ಹಿಡಿದ, ಹಿಮ್ಮಡಿಗೆ ಹಿಡಿದ. ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದ. ಆಮೇಲೆ ಅದೇ ಗುಂಡನ್ನು ಗೋಡೆಗೂ ಹಿಡಿದ.

"ನೀವು ನೆಟ್ಟಗ ಅದೀರಿ, ರಾಯರ. ಕಟ್ಟಡ ಸೊಟ್ಟ ಐತಿ."

ಇದರಿಂದ ನನ್ನ ಗೊಂದಲ ಇನ್ನೂ ಹೆಚ್ಚಾಯಿತು. ಮೈ ನೆಟ್ಟಗಿದ್ದರೆ ಗೋಲಿ ಯಾಕೆ ಬೀಳುವುದಿಲ್ಲ? ಸಾಹೇಬರಿಗೆ ವಿಷಯ ತಿಳಿಸಿದೆ. ಅವರು ಗಡ್ಡ ನೀವಿಕೊಂಡು, ಒಬ್ಬ ಗುಮಾಸ್ತನ ಸಲುವಾಗಿ ಸರ್ಕಾರಿ ಕಟ್ಟಡ ನೆಟ್ಟಗೆ ಮಾಡಿಸಲು ಮೇಲಿನಿಂದ ಮಂಜೂರಾತಿ ಸಿಗಲಿಕ್ಕಿಲ್ಲ ಎಂದರು.

ಅತ್ತೆಯ ಮನೆಯಲ್ಲಿ

ರಜೆಯಲ್ಲಿ ಗಂಗಾವತಿಗೆ ಹೋದಾಗಲೂ ನನಗೆ ಅದೇ ಚಿಂತೆ. ಪಡಸಾಲೆಯ ನೆಲದ ಮೇಲೆ ನಿಂಬೆಹಣ್ಣು ಇಟ್ಟು, ಬೋರಲು ಮಲಗಿ, ಬಿದಿರು ಕೋಲಿನಿಂದ ತಿವಿಯುತ್ತಿದ್ದೆ. ಉರುಳಿದ ಹಣ್ಣಿನ ಹಿಂದೆ ಮಗಳು ಅಂಬೆಗಾಲಿಟ್ಟು ಬಂದಳು. ಮೊದಲ ಸಲ ನನ್ನನ್ನು ನೋಡಿ ನಕ್ಕಳು. ಅತ್ತೆ ಹಾಸಿಗೆಯಿಂದಲೇ ಇದನ್ನೆಲ್ಲ ನೋಡುತ್ತಿದ್ದರು. ಸಂಜೆ ಹಕೀಮರು ಅವರ ನಾಡಿ ಹಿಡಿಯಲು ಬಂದಾಗ ಕೈ ಹಿಂದೆಳೆದುಕೊಂಡರು.

"ನಂದು ಇರಲಿ. ಮೊದಲ ಅಳಿಯಂದಿರನ್ನ ನೋಡ್ರಿ."

ಕಿಟಕಿಯ ಮುದುಕ

ಅಷ್ಟರಲ್ಲಿ ಸಾಹೇಬರಿಗೇ ಹೈದರಾಬಾದಿಗೆ ವರ್ಗವಾಯಿತು. ಮೇಜೂ ಅವರ ಸಂಗಡ ಹೋಗುವುದಿತ್ತು. ಕೊನೆಯ ಸಂಜೆ ಕಚೇರಿಯವರೆಲ್ಲ ಕ್ಲಬ್ಬಿನಲ್ಲಿ ಸೇರಿದರು. ನನ್ನ ಪಾಳಿ ಬಂದಾಗ ಎಲ್ಲರೂ ನನ್ನ ಬೆನ್ನ ಹಿಂದೆ ನಿಂತರು, ಮೈ ನೆಟ್ಟಗಿದೆಯೋ ಇಲ್ಲವೋ ಹಿಂದಿನಿಂದಲೇ ತಿಳಿಯುವುದೆಂದು. ಕಾಲು, ಮೊಣಕೈ, ಗದ್ದ ಎಲ್ಲ ಸರಿ ಎಂದರು. ತಿವಿದೆ. ಗೋಲಿ ತೂತಿನ ಪಕ್ಕಕ್ಕೆ ಬಡಿದು ವಾಪಸು ಬಂತು. ನನ್ನ ಕಣ್ಣ ಮುಂದೆ ಮಗಳ ಮುಖ ಬಂತು, ಕೋಲನ್ನು ಗೋಡೆಗೆ ಆನಿಸಿ ನಿಂತುಬಿಟ್ಟೆ.

ಆಗ ಎದುರಿನ ಕಿಟಕಿಯತ್ತ ಸಾಹೇಬರ ಲಕ್ಷ್ಯ ಹೋಯಿತು. ಹೊರಗೆ ಬೇವೂರಿನ ಒಬ್ಬ ಮುದುಕ ಚಪ್ಪಲಿ ಬಿಟ್ಟು, ಕೈಮುಗಿದುಕೊಂಡು ನಿಂತಿದ್ದ. ತನ್ನ ಅಳಿಯನ ಹೊಲದ ಬದುವಿನ ತಕರಾರಿಗೆ ಬಂದವನು, ಮಧ್ಯಾಹ್ನದಿಂದ ಕಾಯುತ್ತಿದ್ದ. ಯಾರಿಗೆ ಕೈಮುಗೀತೀ ಎಂದು ಸಾಹೇಬರು ಕೇಳಿದರು.

"ಯಾವ ಶರಣರ ಗದ್ದುಗಿರಿ ಇದು?" ಎಂದ ಮುದುಕ, ಮೇಜಿನತ್ತ ಕೈ ತೋರಿಸಿ. "ಹಸರ ಚಾದರ ಹೊಚ್ಚೀರಿ, ಒಬ್ಬೊಬ್ಬರ ಬಂದು ತಲಿ ಬಾಗಸ್ತೀರಿ. ಆದ್ರ ಒಂದ ಮಾತ ಹೇಳತೀನ್ರಿ. ನೀವೆಲ್ಲಾ ಕಣ್ಣ ಬಿಟಗೊಂಡು ಬಾಗತೀರಿ. ಈ ರಾಯರೊಬ್ಬರ ಎರಡೂ ಕಣ್ಣ ಗಟ್ಟ್ಯಾಗಿ ಮುಚ್ಚಿ ಬೇಡಕೋತಾರ."

ಸಾಹೇಬರು ನನ್ನ ಕೈಗೆ ಮತ್ತೆ ಕೋಲು ಕೊಟ್ಟು, ತಾವು ಎದುರಿಗೆ ಹೋಗಿ ಕಿಟಕಿಯ ಹತ್ತಿರ ನಿಂತರು. ತಿವಿ ಎಂದರು. ತಿವಿದೆ. ಅವರು ನನ್ನ ಮುಖ ನೋಡಿದವರೇ ಕುರ್ಚಿಯಲ್ಲಿ ಕುಸಿದು ಕುಳಿತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಇಷ್ಟು ದಿನ ಎಲ್ಲರೂ ನನ್ನ ಬೆನ್ನು ನೋಡಿದ್ದರು, ತಿವಿಯುವಾಗಿನ ಮುಖವನ್ನು ಯಾರೂ ನೋಡಿರಲಿಲ್ಲ. ಕಣ್ಣು ಮುಚ್ಚುತ್ತಿದ್ದುದು ನನಗೂ ಗೊತ್ತಿರಲಿಲ್ಲ.

ನಗು ನಿಂತ ಮೇಲೆ ಸಾಹೇಬರು ಕಣ್ಣೊರೆಸಿಕೊಂಡು ಕೇಳಿದರು: "ಇಷ್ಟು ಭಕ್ತಿಯಿಂದ ಏನ ಬೇಡಕೋತಿದ್ದೀಯೋ?"

"ಗಂಗಾವತಿ, ಸಾಹೇಬರ. ಹೆಂಡತಿ, ಮಗಳು ಅಲ್ಲೇ ಅದಾರ."

ಗೋಲಿ ಬೀಳದಿದ್ದರೂ ಚಿಂತೆಯಿಲ್ಲ, ಹೋಗುವ ಮೊದಲು ವರ್ಗದ ಶಿಫಾರಸು ಕಳಿಸಿಯೇ ಹೋಗುತ್ತೇನೆ ಎಂದು ಎಲ್ಲರೆದುರು ಮಾತು ಕೊಟ್ಟರು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನೆನಪಿಲ್ಲ. ಅಷ್ಟರಲ್ಲಿ ಮುದುಕ ಒಳಗೆ ಬಂದು, ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಮೇಜಿನ ಮೇಲೆ ಹಣೆ ಇಟ್ಟ.

"ಇಷ್ಟ ಲಗೂ ಫಲಾ ಕೊಡತೈತಿ ಅಂದ್ರ ಬದುವಿಂದೂ ಒಂದ ಹೇಳಿಬಿಡತೀನ್ರಿ," ಎಂದ. "ಕಣ್ಣ ಮುಚ್ಚಾಕ ನನಗೂ ಬರತೈತಿ."