ಬಿಡ್ತು ಅನ್ನಿ ಸಾರ್

ಇಂಗ್ಲಿಷಿನ ‘ಇಫ್’ ಎಂಬ ಒಂದು ಪುಟ್ಟ ಪದವನ್ನು ನಂಬಿಕೊಂಡು ಇಪ್ಪತ್ತಾರು ವರ್ಷ ಅನ್ನ ತಿಂದವನು ನಾನು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ಇದಕ್ಕಿಂತ ಹಗುರವಾದ ವಸ್ತುಗಳನ್ನು ನಂಬಿ ಮನೆ ಕಟ್ಟಿಸಿದವರೂ ನಮ್ಮ ಮಧುಗಿರಿಯಲ್ಲಿದ್ದಾರೆ. ನಮ್ಮ ಕನ್ನಡದಲ್ಲಿ ಈ ವ್ಯವಹಾರ ಎಷ್ಟು ಸಲೀಸು ನೋಡಿ. ಕ್ರಿಯಾಪದದ ಬಾಲಕ್ಕೊಂದು ‘ರೆ’ ಅಂಟಿಸಿದರೆ ಮುಗಿಯಿತು. ಬಂದರೆ, ಹೋದರೆ, ಬಿದ್ದರೆ. ಇಂಗ್ಲಿಷರಿಗೆ ಇಷ್ಟಕ್ಕೆ ಸಮಾಧಾನವಿಲ್ಲ. ಆಗಬಹುದಾದದ್ದಕ್ಕೆ ‘ವಿಲ್’, ಆಗುವುದು ಅನುಮಾನ ಎಂದಾದರೆ ‘ವುಡ್’, ಆಗಲೇ ಕೈತಪ್ಪಿ ಹೋಗಿದ್ದರೆ ‘ವುಡ್ ಹ್ಯಾವ್’. ಪಕ್ಕದಲ್ಲಿ ಕುಡ್, ಶುಡ್, ಮೇ, ಮೈಟ್ ಎಂದು ಬೀಗರ ಹಾಗೆ ಸಾಲಾಗಿ ಕೂತಿರುತ್ತವೆ. ಒಬ್ಬೊಬ್ಬರಿಗೂ ಬೇರೆ ಬೇರೆ ಮರ್ಯಾದೆ ಮಾಡಬೇಕು, ಒಬ್ಬರ ಜಾಗದಲ್ಲಿ ಇನ್ನೊಬ್ಬರನ್ನು ಕೂರಿಸಿದರೆ ರಂಪ. ನಮ್ಮವರ ಗುಟ್ಟು ಇಂಗ್ಲಿಷರಿಗೇನು ಗೊತ್ತು? ಗೃಹಪ್ರವೇಶಕ್ಕೆ ಕರೆದಾಗ ಮಧುಗಿರಿಯ ಮನುಷ್ಯ “ಆದ್ರೆ ಬರ್ತೀನಿ” ಎಂದರೆ ಅವನು ಬರುವುದಿಲ್ಲವೆಂದು ಅಡುಗೆಯವನಿಗೂ ಗೊತ್ತಾಗಿ ಒಂದು ಎಲೆ ಕಡಿಮೆ ಹಾಕುತ್ತಾನೆ. ಅದಕ್ಕೆ ಯಾವ ವುಡ್ಡೂ ಬೇಕಿಲ್ಲ.

ಕಾಲೇಜಿನಲ್ಲಿ ವಾರವಿಡೀ ಮಕ್ಕಳ ತಲೆ ತಿಂದದ್ದು ಸಾಲದೆ ನಾನು ಭಾನುವಾರ ಬೆಳಿಗ್ಗೆ ದೊಡ್ಡವರ ತಲೆಯನ್ನೂ ತಿನ್ನುತ್ತೇನೆ. ಗೊಬ್ಬರದ ಅಂಗಡಿಯ ಮಹಡಿಯ ಮೇಲೆ ನನ್ನ ಇಂಗ್ಲಿಷ್ ಸಂಭಾಷಣೆಯ ತರಗತಿ. ಕೆಳಗಿನಿಂದ ಬರುವ ಯೂರಿಯಾದ ಘಾಟಿನಲ್ಲಿ ಹನ್ನೆರಡು ಮಂದಿ ಕಣ್ಣೊರೆಸಿಕೊಳ್ಳುತ್ತಾ ಕಲಿಯುತ್ತಾರೆ. ಹೊರಗಿನಿಂದ ನೋಡಿದವರು ನನ್ನ ಪಾಠ ಹೃದಯಕ್ಕೆ ತಟ್ಟುತ್ತಿದೆ ಎಂದುಕೊಂಡರೆ ನನ್ನ ತಕರಾರಿಲ್ಲ. ಶಿರಾದಲ್ಲಿ ಹೆದ್ದಾರಿಯ ಬದಿಗೆ ಟೈರ್ ಅಂಗಡಿ ಇಟ್ಟಿರುವ ಅನ್ವರ್ ಭಾಯಿ ಬರುತ್ತಾರೆ. ಹೊಳವನಹಳ್ಳಿಯ ಕಂಡಕ್ಟರ್ ರಂಗಪ್ಪ ಬರುತ್ತಾರೆ. ಮಗಳ ಶಾಲೆಯ ಮೀಟಿಂಗಿನಲ್ಲಿ ಅರ್ಥವಾಗದ್ದಕ್ಕೆಲ್ಲ ತಲೆಯಾಡಿಸಿ ಅವರ ಕತ್ತು ನೋಯತೊಡಗಿತ್ತಂತೆ. ಕಳೆದ ವರ್ಷ ಇವರ ಜೊತೆಗೆ ನಾಗಮಣಿ ಬಂದು ಸೇರಿಕೊಂಡಳು.

ನಾಗಮಣಿ ಪಾವಗಡದ ಕಡೆಯ ತಿರುಮಣಿಯವಳು. ಅವಳಪ್ಪ ಕುರಿ ಮೇಯಿಸಿಕೊಂಡಿದ್ದ ಬಯಲಲ್ಲಿ ಈಗ ಸೋಲಾರ್ ಹಲಗೆಗಳು ಬಿಸಿಲು ಮೇಯುತ್ತಿವೆ. ಅವಳು ನರ್ಸಿಂಗ್ ಓದಿ, ಪಾವಗಡದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಎಂಟು ವರ್ಷದಿಂದ ಎಲ್ಲ ಕೆಲಸ ಮಾಡಿಕೊಂಡಿದ್ದಳು. ಎಲ್ಲ ಕೆಲಸ ಎಂದರೆ ಡ್ರಿಪ್ ಹಾಕುವುದರಿಂದ ಹಿಡಿದು ಡಾಕ್ಟರ ಹೆಂಡತಿಗೆ ಸೊಪ್ಪು ಬಿಡಿಸಿಕೊಡುವವರೆಗೆ. ಡಾಕ್ಟರು ಅವಳನ್ನು “ಏಯ್” ಎಂದು ಕರೆಯುತ್ತಿದ್ದರು, ರೋಗಿಗಳು “ಏನಮ್ಮೋ” ಎಂದು. ತುಮಕೂರಿನ ದೊಡ್ಡ ಆಸ್ಪತ್ರೆಯೊಂದರ ಸಂದರ್ಶನದಲ್ಲಿ ಅವಳು ಎರಡು ಸಲ ಫೇಲಾಗಿದ್ದಳು. ಮೂರನೆಯದೇ ಕೊನೆ, ಆಮೇಲೆ ಅವರು ಕರೆಯುವುದಿಲ್ಲ. ದೊಡ್ಡ ಆಸ್ಪತ್ರೆಯೇ ಯಾಕೆ ಎಂದು ಮೊದಲ ದಿನ ಕೇಳಿದ್ದಕ್ಕೆ ಅವಳು, “ಅಲ್ಲಿ ಎಲ್ರೂ ಸಿಸ್ಟರ್ ಅಂತಾರೆ ಸಾರ್. ನನ್ನೂ ಯಾರಾನ ಅಂಗೆ ಕರೀಬೇಕು, ಅಷ್ಟೇಯ” ಎಂದಳು. ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಯೂರಿಯಾದ ಘಾಟೂ ಇತ್ತೆನ್ನಿ.

ಆ ಸಂದರ್ಶನದಲ್ಲಿ ಕೇಳುವುದೆಲ್ಲ ‘ಇಫ್’ ಪ್ರಶ್ನೆಗಳೇ. ರೋಗಿ ಕುಸಿದು ಬಿದ್ದರೆ ಏನು ಮಾಡುವಿರಿ, ಉಸಿರು ನಿಂತರೆ ಏನು ಮಾಡುವಿರಿ. ಇದು ನನ್ನ ಮನೆ ಅಂಗಳದ ಆಟ ಎಂದು ತೋಳೇರಿಸಿಕೊಂಡು ಕಪ್ಪು ಹಲಗೆಯ ಮೇಲೆ ಬರೆದೆ: ಇಫ್ ದಿ ಪೇಷಂಟ್ ಕೊಲ್ಯಾಪ್ಸ್ಡ್, ಐ ವುಡ್ ಕಾಲ್ ದಿ ಡಾಕ್ಟರ್. ಓದಿ ಅರ್ಥ ಹೇಳಿದೆ, ಈಗ ನೀನು ಹೇಳು ಎಂದೆ. ಅವಳು ಬಾಯಿಯ ಮೇಲೆ ಸೆರಗು ಇಟ್ಟುಕೊಂಡು, “ಬುಡ್ತು ಅನ್ನಿ ಸಾರ್” ಎಂದಳು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊರಟವನನ್ನು ಎಲ್ಲಿಗೆ ಎಂದು ಕೇಳುವುದಿಲ್ಲ, ದೂರವೋ ಎನ್ನುತ್ತೇವೆ. ಹೋಗುತ್ತೇನೆ ಎನ್ನುವುದಿಲ್ಲ, ಹೋಗಿ ಬರುತ್ತೇನೆ. ದೀಪ ಆರಿಸುವುದಿಲ್ಲ, ಶಾಂತ ಮಾಡುತ್ತೇವೆ. ಬಾಯಿ ತಪ್ಪಿ ಕೆಟ್ಟದ್ದೇನಾದರೂ ಆಡಿಬಿಟ್ಟರೆ ಎದುರಿಗಿದ್ದವರು ಬಿಡ್ತು ಅನ್ನು ಎನ್ನುತ್ತಾರೆ, ಆಡಿದವರು ಬಿಡ್ತು ಎಂದು ಆ ಮಾತನ್ನು ವಾಪಸು ತೆಗೆದುಕೊಳ್ಳುತ್ತಾರೆ. ಹೀಗಿರುವ ಜನರ ಕೈಗೆ ಇಂಗ್ಲಿಷ್ ವ್ಯಾಕರಣದ ಪುಸ್ತಕ ಕೊಟ್ಟರೆ ಏನಾಗಬೇಕು? ಅದನ್ನು ಬರೆದ ಪುಣ್ಯಾತ್ಮನಿಗೆ ಮನೆಯಲ್ಲಿ ಏನು ಕಷ್ಟವಿತ್ತೋ, ಅವನ ಒಂದೊಂದು ಉದಾಹರಣೆಯಲ್ಲೂ ಒಂದೊಂದು ಅನಾಹುತ. ಮನೆಗೆ ಬೆಂಕಿ ಬಿದ್ದರೆ. ಅಪ್ಪನ ಕೆಲಸ ಹೋದರೆ. ನಾಯಿ ಕಚ್ಚಿದರೆ. ಇಷ್ಟೆಲ್ಲ ಮುಗಿಸಿ ಕೊನೆಗೆ, ನಾನು ಹಕ್ಕಿಯಾಗಿದ್ದರೆ ಎಂದು ನಿಟ್ಟುಸಿರು ಬಿಡುತ್ತಾನೆ. ಆಗಲಿ ಮಹಾರಾಯ, ಹಾರಿಹೋಗು, ನಾವೂ ನೆಮ್ಮದಿಯಾಗಿರುತ್ತೇವೆ.

ಆದರೆ ನಾನು ಆವತ್ತು ಹೀಗೆ ಉದಾರವಾಗಿ ಯೋಚಿಸಲಿಲ್ಲ. ನಾನು ವಿದ್ಯಾವಂತ, ವಿಚಾರವಂತ. ಮಾತಿನಿಂದ ಯಾರೂ ಸಾಯುವುದಿಲ್ಲ ಎಂದು ಮುಕ್ಕಾಲು ಗಂಟೆ ಭಾಷಣ ಬಿಗಿದೆ. ಅದರಿಂದ ಇಬ್ಬರಿಗೆ ತೂಕಡಿಕೆ ಬಂತು. ನಾಗಮಣಿ ಎಲ್ಲ ಕೇಳಿಸಿಕೊಂಡು ನಿಧಾನವಾಗಿ ಹಿಂದಿನ ಎರಡು ಸಂದರ್ಶನಗಳ ಕಥೆ ಹೇಳಿದಳು. ಮೊದಲನೇ ಸಲ, ರೋಗಿಯ ಉಸಿರು ನಿಂತರೆ ಎಂದು ಕೇಳಿದ ಮೇಡಮ್ಮಿಗೇ “ಬುಡ್ತು ಅನ್ನಿ” ಎಂದುಬಿಟ್ಟಿದ್ದಳು. ಎರಡನೇ ಸಲ ಹಾಗೆ ಅನ್ನಬಾರದೆಂದು ತುಟಿ ಕಚ್ಚಿ ಕುಳಿತಿದ್ದರಿಂದ ಬೇರೆ ಯಾವ ಮಾತೂ ಹೊರಡಲಿಲ್ಲ. ಹಾಗಾದರೆ ನಿಜವಾಗಿ ಉಸಿರು ನಿಂತಾಗ ಏನು ಮಾಡುತ್ತೀಯಮ್ಮ ಎಂದು ನಾನು ವ್ಯಂಗ್ಯವಾಗಿಯೇ ಕೇಳಿದೆ. ಎಂಟು ವರ್ಷದಲ್ಲಿ ಮೂರು ಸಲ ಹಾಗಾಗಿತ್ತಂತೆ, ಮೂರು ಸಲವೂ ಡಾಕ್ಟರು ಊರಲ್ಲಿರಲಿಲ್ಲವಂತೆ, ಇವಳೇ ಎದೆ ಒತ್ತಿ ಉಸಿರು ಬರಿಸಿದಳಂತೆ. “ಆದಾಗ ಮಾಡ್ತೀನಿ ಸಾರ್. ಆಗಾಕ್ ಮುಂಚೆ ಬಾಯಲ್ಲಿ ಯಾಕನ್ಬೇಕು?” ಎಂದಳು. ಇಪ್ಪತ್ತಾರು ವರ್ಷ ಇಫ್ ಕಲಿಸಿದ ನಾನು ಒಂದು ಸಲವೂ ಯಾರ ಉಸಿರನ್ನೂ ಬರಿಸಿದವನಲ್ಲ. ಕೆಲವರ ಉಸಿರು ಕಟ್ಟಿಸಿರಬಹುದು.

ಆಮೇಲಿನ ಎರಡು ಭಾನುವಾರ ಶುಭವಾದ ವಾಕ್ಯಗಳನ್ನೇ ಕೊಟ್ಟು ನೋಡಿದೆ. ರೋಗಿ ಗುಣವಾದರೆ, ರೋಗಿಗೆ ಗಂಡು ಮಗುವಾದರೆ. ನಾಗಮಣಿ ಪಟಪಟ ಹೇಳಿದಳು. ಆದರೆ ಗುಣವಾದ ರೋಗಿಗೆ ಏನು ಮಾಡುತ್ತೀರಿ ಎಂದು ಯಾವ ಆಸ್ಪತ್ರೆ ಕೇಳುತ್ತದೆ? ಬಿಲ್ಲು ಕೊಡುತ್ತೇವೆ ಎಂಬುದು ಎಲ್ಲರಿಗೂ ಗೊತ್ತಿರುವ ಉತ್ತರ.

ದಾರಿ ತೋರಿಸಿದವರು ಅನ್ವರ್ ಭಾಯಿ. ಅವರು ಎದ್ದು ನಿಂತು, “ಸಾರ್, ನೀವು ಇದೆಲ್ಲಾ ನಂಬೋಲ್ಲ ಅಂತೀರಲ್ಲ, ವಾಕ್ಯದಲ್ಲಿ ಆಗೋದೆಲ್ಲಾ ನಿಮಗೇ ಆಗ್ಲಿ ಬಿಡಿ. ನಮಗೂ ಫಿಕರ್ ಇಲ್ಲ, ನಿಮಗೂ ಇಲ್ಲ” ಎಂದರು. ತರಗತಿ ಒಕ್ಕೊರಲಿನಿಂದ ಒಪ್ಪಿತು. ಇಷ್ಟು ಬೇಗ ಅವರೆಲ್ಲ ಯಾವ ವಿಷಯಕ್ಕೂ ಒಪ್ಪಿದ್ದನ್ನು ನಾನು ಕಂಡಿರಲಿಲ್ಲ. ಮುಕ್ಕಾಲು ಗಂಟೆ ಭಾಷಣ ಮಾಡಿದ ವಿಚಾರವಂತ ಬೇಡ ಎನ್ನುವುದಾದರೂ ಹೇಗೆ? ಆಗಲಿ ಎಂದೆ.

ಅಂದಿನಿಂದ ತರಗತಿಗೆ ಜೀವ ಬಂತು, ನನ್ನ ಜೀವ ಹೋಗತೊಡಗಿತು. ಇಫ್ ಅವರ್ ಸಾರ್ ಫೆಲ್ ಫ್ರಮ್ ದಿ ಬಸ್, ಐ ವುಡ್ ಬ್ಲೋ ದಿ ವಿಷಲ್ ಎಂದರು ರಂಗಪ್ಪ. ನನ್ನನ್ನು ಎತ್ತುವ ಮಾತು ಆ ವಾಕ್ಯದಲ್ಲಿರಲಿಲ್ಲ. ಅನ್ವರ್ ಭಾಯಿ ನನ್ನನ್ನು ಲಾರಿಯ ಕೆಳಗೆ ಹಾಕಿ, ಟೈರು ತಮ್ಮ ಅಂಗಡಿಯದಾಗಿದ್ದರೆ ಲಾರಿ ನಿಲ್ಲಬಹುದಿತ್ತು ಎಂಬುದನ್ನು ‘ಕುಡ್ ಹ್ಯಾವ್’ ಸಮೇತ ತಪ್ಪಿಲ್ಲದೆ ಹೇಳಿದರು. ನಾಗಮಣಿ ಮಾತ್ರ ನನ್ನನ್ನು ನಿಜವಾದ ಕಾಳಜಿಯಿಂದ ಸಾಯಿಸಿದಳು. ಇಫ್ ಸಾರ್ಸ್ ಹಾರ್ಟ್ ಸ್ಟಾಪ್ಡ್, ಐ ವುಡ್ ಪ್ರೆಸ್ ಹಿಸ್ ಚೆಸ್ಟ್ ಎಂದು ಶುರು ಮಾಡಿ, ಯಾರು ಏನು ಮಾಡಬೇಕು, ಯಾವ ಔಷಧ ಕೊಡಬಹುದು ಎಂದು ಶುಡ್, ಕುಡ್‌ಗಳನ್ನು ಆಯಾ ಜಾಗದಲ್ಲಿ ಕೂರಿಸಿಕೊಂಡು ಹೋಗುತ್ತಿದ್ದಳು. ನಡುವೆ ಒಂದು ದಿನ, “ಈ ವುಡ್ಡಲ್ಲೇ ಬುಡ್ತು ಐತಲ್ಲ ಸಾರ್? ವಿಲ್ ಅಂದ್ರೆ ಆಗೋಯ್ತದೆ, ವುಡ್ ಅಂದ್ರೆ ದೂರ ಇರ್ತದೆ” ಎಂದಳು. ನಾನು ಇಷ್ಟು ವರ್ಷ ಉರು ಹೊಡೆಸಿದ್ದರ ಅರ್ಥ ಅದೇ ಎಂದು ನನಗೆ ಆವತ್ತೇ ತಿಳಿದದ್ದು. ಹೌದು, ಅದನ್ನೇ ಹೇಳಿಕೊಡಬೇಕೆಂದಿದ್ದೆ ಎಂದು ಗಂಭೀರವಾಗಿ ಹೇಳಿದೆ. ಭಾನುವಾರಕ್ಕೆ ಹದಿನಾಲ್ಕು ಸಲ ನನ್ನ ಹೃದಯ ನಿಲ್ಲುತ್ತಿತ್ತು. ನನ್ನ ಹೆಂಡತಿ ಸರೋಜ ಒಂದು ದಿನ ಕಾಫಿಯ ಫ್ಲಾಸ್ಕ್ ಹಿಡಿದು ಮೆಟ್ಟಿಲು ಹತ್ತಿ ಬಂದವಳು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಳು. ಅವಳಿಗೆ ಇಂಗ್ಲಿಷ್ ಅಷ್ಟು ಬಾರದು, ಸಾರ್, ಹಾರ್ಟ್, ಸ್ಟಾಪ್ ಎನ್ನುವಷ್ಟು ಬರುತ್ತದೆ. ಮನೆಗೆ ಹೋದ ಮೇಲೆ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ಮೂಢನಂಬಿಕೆ ಎಂದು ಗೊಣಗಿದೆ, ಆದರೆ ನಿವಾಳಿಸುವಾಗ ಅಲ್ಲಾಡದೆ ನಿಂತಿದ್ದೆ.

ನಾಗಮಣಿ ಪಾಸಾದಳು. ರೋಗಿ ಕುಸಿದರೆ ಎಂದು ಅವರು ಕೇಳಿದ ಕೂಡಲೇ ಮನಸ್ಸಿನಲ್ಲಿ ನನ್ನನ್ನೇ ಮಂಚದ ಮೇಲೆ ಮಲಗಿಸಿಕೊಂಡು ಉತ್ತರ ಹೇಳಿದಳಂತೆ. ಫೋನಿನಲ್ಲಿ ಅಳುತ್ತಾ ಹೇಳಿದಳು. ಸತ್ತದ್ದಕ್ಕೂ ಸಾರ್ಥಕವಾಯಿತು ಎನ್ನಿಸಿದ್ದು ನನ್ನ ಜೀವನದಲ್ಲಿ ಅದೊಂದೇ ಸಲ.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಮೊನ್ನೆ ನನಗೆ ಹರ್ನಿಯಾ ಆಪರೇಷನ್ ಮಾಡಿಸಬೇಕಾಗಿ ಬಂದು ಅದೇ ಆಸ್ಪತ್ರೆಗೆ ಸೇರಿಕೊಂಡೆ. ಹರ್ನಿಯಾ ಏನು ಮಹಾ ಎಂದು ಸರೋಜಳಿಗೆ ಧೈರ್ಯ ಹೇಳಿ, ಹಸಿರು ಅಂಗಿ ತೊಟ್ಟು ಕಾಲು ಮುಚ್ಚಿಕೊಂಡು ಕೂತಿದ್ದೆ. ಬಿಳಿ ಬಟ್ಟೆ ತೊಟ್ಟು ಒಂದು ಫಾರಂ ಹಿಡಿದುಕೊಂಡು ಬಂದವಳು ನಾಗಮಣಿ. ಪಕ್ಕದ ಮಂಚದವರು “ಸಿಸ್ಟರ್” ಎಂದು ಕರೆದರು, ಅವಳು ತಿರುಗಿ “ಬಂದೆ” ಎಂದಳು. ಆ ದನಿಯನ್ನು ಆಸ್ಪತ್ರೆಯವರು ನನಗೆ ಮದ್ದಿನ ಬದಲು ಕೊಟ್ಟಿದ್ದರೂ ಸಾಕಿತ್ತು. ಆಮೇಲೆ ಅವಳು ಫಾರಂ ನೋಡಿಕೊಂಡು, ತಡವರಿಸದೆ, ನಾನೇ ಕಲಿಸಿದ ಇಂಗ್ಲಿಷಿನಲ್ಲಿ ಕೇಳಿದಳು: ಆಪರೇಷನ್ ನಡುವೆ ನಿಮ್ಮ ಸ್ಥಿತಿ ಗಂಭೀರವಾದರೆ ನಾವು ಯಾರಿಗೆ ತಿಳಿಸಬೇಕು, ಮುಂದಿನ ತೀರ್ಮಾನ ಯಾರು ಮಾಡುತ್ತಾರೆ? ಇಫ್ ಇತ್ತು, ಶುಡ್ ಇತ್ತು, ಎಲ್ಲ ಆಯಾ ಜಾಗದಲ್ಲಿತ್ತು. ನಾನು ಫಾರಂ ಕಿತ್ತುಕೊಂಡು, ಎಲ್ಲಾದರೂ ವಿಲ್ ಎಂದು ಬರೆದಿದ್ದಾರೋ ಎಂದು ಕನ್ನಡಕ ಹಾಕಿ ಹುಡುಕಿದೆ. ಮೂರು ಕಡೆ ಬರೆದಿದ್ದರು. ನನ್ನ ಬಾಯಿಂದ ತಾನಾಗಿಯೇ ಮಾತು ಹೊರಟಿತು.

“ಬಿಡ್ತು ಅನ್ನಮ್ಮ.”

ಪಕ್ಕದ ಮಂಚದವರೂ ಸರೋಜಳೂ ನನ್ನ ಕಡೆ ನೋಡಿದರು. ನಾಗಮಣಿ ನಗಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ, ಮೇಲಿನವರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನ ಕಿವಿಯ ಹತ್ತಿರ ಬಗ್ಗಿ, “ಬುಡ್ತು” ಎಂದಳು. ನೆಟ್ಟಗೆ ನಿಂತು ಪೆನ್ನು ನನ್ನ ಕೈಗಿಟ್ಟಳು.

“ಈಗ ಉತ್ರ ಹೇಳಿ ಸಾರ್. ಪೂರ್ತಿ ವಾಕ್ಯದಲ್ಲಿ.”

ಅದು ನನ್ನದೇ ಮಾತು. ಪ್ರತಿ ಭಾನುವಾರ ಅವಳಿಗೆ ಹೇಳುತ್ತಿದ್ದದ್ದು. ಇಪ್ಪತ್ತಾರು ವರ್ಷದ ಇಂಗ್ಲಿಷ್ ಮೇಷ್ಟ್ರಾದ ನಾನು ಆ ವಾಕ್ಯವನ್ನು ಇಫ್‌ನಿಂದ ಶುರು ಮಾಡಿ ಇಫ್‌ನಲ್ಲೇ ನಿಂತುಬಿಟ್ಟೆ. ಕೊನೆಗೆ ಸರೋಜಳ ಕಡೆ ಬೆರಳು ತೋರಿಸಿ, “ಇವಳು, ಸಿಸ್ಟರ್” ಎಂದು ಕನ್ನಡದಲ್ಲಿ ಹೇಳಿ, ಸಹಿ ಹಾಕಿ ಕಣ್ಣು ಮುಚ್ಚಿಕೊಂಡೆ.